ಆಕಾಶದಲ್ಲಿ ಗ್ರೌಂಡ್ ಎಲ್ಲಿದೆ?

ಮನೆಯಲ್ಲಿ ಹಳೇ ರೇಡಿಯೋ ಇದ್ದವರಿಗೆ ಇದು ಗೊತ್ತಿರುತ್ತೆ. 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಆಕಾಶವಾಣಿ ಚೆನ್ನಾಗಿ ಬರ್ತಾ ಇರುತ್ತೆ. ಅಡುಗೆಮನೆಯಲ್ಲಿ ಯಾರೋ ಚಟ್ನಿಗೆ ಮಿಕ್ಸಿ ಹಾಕ್ತಾರೆ. ವಾರ್ತೆ ಪೂರ್ತಿ ಕರ್ರ್ ಅನ್ನೋ ಸದ್ದಿನಲ್ಲಿ ಮುಳುಗಿಹೋಗುತ್ತೆ. ಮಿಕ್ಸಿ ನಿಂತ ಮೇಲೆ ಮತ್ತೆ ವಾರ್ತೆ. ಈಗ ಆ ಮಿಕ್ಸಿಯನ್ನ ನಿಲ್ಲಿಸೋ ಹಾಗೇ ಇಲ್ಲ ಅಂದ್ಕೊಳ್ಳಿ. ರೇಡಿಯೋ ಇರೋದು ಮಿಕ್ಸಿಯಿಂದ ಒಂದು ಮೀಟರ್ ದೂರದಲ್ಲಿ, ಎರಡಕ್ಕೂ ಒಂದೇ ಬ್ಯಾಟರಿ, ಮತ್ತು ರೇಡಿಯೋದಲ್ಲಿ ಬರ್ತಿರೋದು ವಾರ್ತೆ ಅಲ್ಲ, ‘ನಿಮ್ಮ ಮುಂದೆ ಇನ್ನೊಂದು ವಿಮಾನ ಇಳೀತಾ ಇದೆ’ ಅನ್ನೋ ಮಾತು. ಒಂದೇ ಎಂಜಿನ್ನಿನ ಸಣ್ಣ ವಿಮಾನದ ಕಾಕ್‌ಪಿಟ್ ಹೆಚ್ಚುಕಡಿಮೆ ಹೀಗೇ ಇರುತ್ತೆ.

ಅಮೆರಿಕದಲ್ಲಿ ಇಂಥ ವಿಮಾನಗಳನ್ನ ಜನ ತಮ್ಮ ಗ್ಯಾರೇಜಿನಲ್ಲೇ ಕಟ್ಟಿಕೊಳ್ತಾರೆ. ಕಾನೂನಿನ ಪ್ರಕಾರ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗವನ್ನ ಹವ್ಯಾಸಿಗಳೇ, ತಮ್ಮ ಕಲಿಕೆಗೋ ಖುಷಿಗೋ ಮಾಡಿರಬೇಕು. ಆಗ ಅದಕ್ಕೆ ‘ಎಕ್ಸ್‌ಪೆರಿಮೆಂಟಲ್’ ಅನ್ನೋ ವರ್ಗದಲ್ಲಿ ಹಾರೋ ಅನುಮತಿ ಸಿಗುತ್ತೆ. 1953ರಲ್ಲಿ ಶುರುವಾದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಅಂಥವರ ಸಂಘ. ಪ್ರತಿ ಬೇಸಿಗೆಯಲ್ಲಿ ವಿಸ್ಕಾನ್ಸಿನ್‌ನ ಆಷ್‌ಕಾಷ್‌ನಲ್ಲಿ ಅವರ ಜಾತ್ರೆ. ಅದನ್ನ ಜಾತ್ರೆ ಅನ್ನದೆ ಬೇರೆ ಪದ ನನಗೆ ಹೊಳೀತಿಲ್ಲ. ವ್ಯಾನ್ಸ್ ಅನ್ನೋ ಒಂದೇ ಕಂಪನಿಯ ಕಿಟ್‌ಗಳಿಂದ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಎದ್ದು ಹಾರಿವೆ. ಕಾರ್ಖಾನೆಯಲ್ಲಿ ತಯಾರಾದ ವಿಮಾನದಲ್ಲಿ ಯಾವ ತಂತಿ ಎಲ್ಲಿ ಹೋಗಬೇಕು ಅಂತ ಒಂದು ಇಡೀ ವಿಭಾಗ ಕೂತು ತೀರ್ಮಾನ ಮಾಡಿರುತ್ತೆ. ಇಲ್ಲಿ ಆ ವಿಭಾಗ, ಮೆಕ್ಯಾನಿಕ್, ಪೈಲಟ್ ಎಲ್ಲಾ ಒಬ್ಬನೇ. ಕೆಲವೊಮ್ಮೆ ಅವನ ವೃತ್ತಿ ಹಲ್ಲಿನ ಡಾಕ್ಟರು.

ರೆಕ್ಕೆ ಕಟ್ಟೋದು ವರ್ಷಗಟ್ಟಲೆ ಕೆಲಸ. ಆದ್ರೆ ಎಲ್ಲರೂ ಸಿಕ್ಕಿಹಾಕಿಕೊಳ್ಳೋ ಪ್ರಶ್ನೆ ನೋಡೋಕೆ ಬಹಳ ಚಿಕ್ಕದು. ಶೀಲ್ಡ್ ಇರೋ ತಂತಿ ತಂದಿದ್ದೀವಿ, ಒಳಗಿನ ತಂತಿಯ ಸುತ್ತ ತಾಮ್ರದ ಎಳೆಗಳನ್ನ ಹೆಣೆದ ಬಲೆ ಇದೆ. ಆ ಬಲೆಯನ್ನ ಗ್ರೌಂಡ್‌ಗೆ ಸೇರಿಸಬೇಕು ಸರಿ. ಒಂದು ತುದಿಯಲ್ಲೋ, ಎರಡೂ ತುದಿಯಲ್ಲೋ? ‘ಯಾವಾಗ್ಲೂ ಒಂದೇ ತುದಿ’ ಅಂತ ಒಬ್ಬರು ಅಡ್ಡಗೋಡೆ ಮೇಲೆ ದೀಪ ಇಡದೆ ಹೇಳ್ತಾರೆ, ‘ಎರಡೂ ತುದಿ ಕಟ್ಟದಿದ್ರೆ ದಂಡ’ ಅಂತ ಇನ್ನೊಬ್ಬರು. ಇಬ್ಬರ ವಿಮಾನದಲ್ಲೂ ರೇಡಿಯೋ ಚೆನ್ನಾಗೇ ಇರುತ್ತೆ, ಅದೇ ತಮಾಷೆ. ಸದ್ದು ಯಾವ ದಾರಿಯಲ್ಲಿ ಒಳಗೆ ಬರ್ತಿದೆ ಅನ್ನೋದನ್ನ ಕೇಳದೆ ಶೀಲ್ಡ್ ಬಗ್ಗೆ ಉತ್ತರ ಹೇಳೋಕೆ ಆಗಲ್ಲ. ಎಷ್ಟೋ ಸಲ ಆ ಸದ್ದಿಗೂ ಶೀಲ್ಡಿಗೂ ಸಂಬಂಧವೇ ಇರಲ್ಲ.

ಒಂದೇ ಮೋರಿ, ಎರಡು ಬಚ್ಚಲು

ಮೊದಲು ‘ಗ್ರೌಂಡ್’ ಅನ್ನೋ ಪದವನ್ನೇ ನೋಡೋಣ. ನಮ್ಮ ಮನೆಗಳಲ್ಲಿ ಅರ್ಥಿಂಗ್ ಅಂದ್ರೆ ಹಿತ್ತಲಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ ಹೂತಿಟ್ಟ ಕೊಳವೆ. ಆರು ಸಾವಿರ ಅಡಿ ಎತ್ತರದಲ್ಲಿ ಹಾರೋ ವಿಮಾನಕ್ಕೆ ಯಾವ ಹಿತ್ತಲು? ಅಲ್ಲಿ ಗ್ರೌಂಡ್ ಅಂದ್ರೆ ಭೂಮಿ ಅಲ್ಲ, ಬ್ಯಾಟರಿಯ ಮೈನಸ್ ತುದಿಗೆ ಕರೆಂಟು ವಾಪಸ್ ಬರೋ ದಾರಿ. ಅಲ್ಯೂಮಿನಿಯಂ ವಿಮಾನದಲ್ಲಿ ವಿಮಾನದ ಮೈಯೇ ಆ ದಾರಿ. ದೀಪದ ಒಂದು ತಂತಿ ಸ್ವಿಚ್ಚಿನಿಂದ ಬರುತ್ತೆ, ಇನ್ನೊಂದನ್ನ ಹತ್ತಿರದ ತಗಡಿಗೆ ಸ್ಕ್ರೂ ಹಾಕಿ ಬಿಗಿದರೆ ಮುಗೀತು.

ಈ ವಾಪಸ್ ದಾರಿಯನ್ನ ಮೋರಿ ಅಂತ ಅಂದ್ಕೊಳ್ಳಿ. ಹಳೇ ವಠಾರಗಳಲ್ಲಿ ಎರಡು ಮನೆಯ ಬಚ್ಚಲಿಗೆ ಒಂದೇ ಮೋರಿ ಇರ್ತಿತ್ತು. ಒಬ್ಬರ ಮನೆಯಲ್ಲಿ ಹಂಡೆ ನೀರು ಸುರಿದ್ರೆ ಮೋರಿ ತುಂಬಿ ಇನ್ನೊಬ್ಬರ ಬಚ್ಚಲಲ್ಲಿ ನೀರು ಮೇಲೆ ಬರ್ತಿತ್ತು. ಎರಡನೇ ಮನೆಯವರ ತಪ್ಪೇನೂ ಇಲ್ಲ, ಅವರ ಬಚ್ಚಲೂ ಸರಿಯಾಗೇ ಇದೆ. ಹಂಚಿಕೊಂಡ ದಾರಿಯೇ ತೊಂದರೆ. ವಿಮಾನದ ತಗಡಿಗೂ, ಸ್ಕ್ರೂ ಹಾಕಿದ ಜಾಗಕ್ಕೂ ಒಂಚೂರು ರೆಸಿಸ್ಟನ್ಸ್ ಇದ್ದೇ ಇರುತ್ತೆ. ಒಂದು ಕಡೆ 5 ಮಿಲಿಓಮ್ ಅಂತ ಇಟ್ಕೊಳ್ಳಿ. ಅದರ ಮೂಲಕ ಆಲ್ಟರ್ನೇಟರಿನ 20 ಆಂಪಿಯರ್ ಹರಿದ್ರೆ ಆ ಜಾಗದ ಎರಡು ಬದಿಯ ನಡುವೆ 100 ಮಿಲಿವೋಲ್ಟ್ ವ್ಯತ್ಯಾಸ. ಅದು ಸ್ಥಿರವಾಗಿದ್ರೆ ಯಾರಿಗೂ ಕೇಳಿಸಲ್ಲ. ಆದ್ರೆ ಆಲ್ಟರ್ನೇಟರ್ ಕೊಡೋದು ನುಣ್ಣನೆಯ ಡಿ.ಸಿ. ಅಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಯಾಕಂದ್ರೆ ಪೈಲಟ್‌ಗಳಿಗೆ ಕೇಳೋ ಆ ‘ಕುಂಯ್’ ಸದ್ದು ಎಲ್ಲಿಂದ ಬಂತು ಅನ್ನೋದು ಈ ಲೆಕ್ಕದಲ್ಲೇ ಸಿಗುತ್ತೆ. ಕಾರಿನ ಮಾದರಿಯ ಆಲ್ಟರ್ನೇಟರಿನಲ್ಲಿ ಸಾಮಾನ್ಯವಾಗಿ 12 ಧ್ರುವಗಳು, ಅಂದ್ರೆ 6 ಜೊತೆ. ಒಂದು ಸುತ್ತಿಗೆ 6 ಆವರ್ತ. ಮೂರು ಫೇಸ್, ಆರು ಡಯೋಡ್, ಹಾಗಾಗಿ ಒಂದು ಆವರ್ತಕ್ಕೆ 6 ಉಬ್ಬು. ಒಟ್ಟು ಸುತ್ತಿಗೆ 36 ಉಬ್ಬು. ಎಂಜಿನ್ ನಿಮಿಷಕ್ಕೆ 2400 ಸುತ್ತು ಓಡ್ತಿದೆ, ಪುಲ್ಲಿ ಅನುಪಾತ 2.5 ಇದ್ರೆ ಆಲ್ಟರ್ನೇಟರ್ 6000, ಅಂದ್ರೆ ಸೆಕೆಂಡಿಗೆ 100 ಸುತ್ತು. 36 ಇಂಟು 100, 3600 ಹರ್ಟ್ಸ್. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರೋದು 2000 ದಿಂದ 5000 ಹರ್ಟ್ಸ್ ನಡುವೆ. ಬೇಕು ಅಂತ ಹುಡುಕಿದ್ರೂ ಇದಕ್ಕಿಂತ ಕಿರಿಕಿರಿಯ ಜಾಗ ಸಿಗಲ್ಲ. ಥ್ರಾಟಲ್ ತೆಗೆದ್ರೆ ಸ್ವರ ಏರುತ್ತೆ, ಮುಚ್ಚಿದ್ರೆ ಇಳಿಯುತ್ತೆ. ಹಾಗಾಗಿ ಇದನ್ನ ಗುರುತಿಸೋದು ಸುಲಭ.

ಆ 20 ಆಂಪಿಯರಿನಲ್ಲಿ ಏರಿಳಿತ 2 ಆಂಪಿಯರ್ ಇದೆ ಅಂದ್ರೆ 5 ಮಿಲಿಓಮ್ ಜಾಗದಲ್ಲಿ 10 ಮಿಲಿವೋಲ್ಟ್ ಕುಂಯ್ ಸದ್ದು ಹುಟ್ಟುತ್ತೆ. ಹೆಡ್‌ಸೆಟ್ಟಿನ ಮೈಕ್ ಕೊಡೋದು ಕೆಲವು ನೂರು ಮಿಲಿವೋಲ್ಟ್. 300 ಅಂತ ಹಿಡಿದ್ರೆ ಸದ್ದು ಮಾತಿನ ಮೂವತ್ತರಲ್ಲಿ ಒಂದು ಪಾಲು, ಸುಮಾರು 30 ಡೆಸಿಬೆಲ್ ಕೆಳಗೆ. ಮಾತಿನ ನಡುವಿನ ಪ್ರತಿ ಮೌನದಲ್ಲೂ ಕೇಳುತ್ತೆ. ನಾಲ್ಕು ಗಂಟೆ ಹಾರಾಟದಲ್ಲಿ ಪೂರ್ತಿ ಕೇಳುತ್ತೆ.

ಆದ್ರೆ ಆ 10 ಮಿಲಿವೋಲ್ಟ್ ಮೈಕ್ ದಾರಿಗೆ ಹೇಗೆ ಬಂತು? ಹೆಚ್ಚಿನ ಸಲ ಉತ್ತರ ಹೆಡ್‌ಸೆಟ್ ಚುಚ್ಚೋ ಜಾಕ್‌ನಲ್ಲಿರುತ್ತೆ. ವಿಮಾನದ ಹೆಡ್‌ಸೆಟ್‌ಗೆ ಎರಡು ಪ್ಲಗ್: ಕಿವಿಗೆ 6.35 ಮಿಲಿಮೀಟರಿನದು, ಮೈಕ್‌ಗೆ ಸ್ವಲ್ಪ ಸಣ್ಣ, 5.23 ಮಿಲಿಮೀಟರಿನದು. ಅದಲು ಬದಲು ಚುಚ್ಚಬಾರದು ಅಂತಲೇ ಬೇರೆ ಬೇರೆ ಅಳತೆ. ಜಾಕಿನ ಹೊರಮೈ, ಅಂದ್ರೆ ನಟ್ಟು ಹಾಕಿ ಪ್ಯಾನೆಲ್‌ಗೆ ಬಿಗಿಯೋ ಭಾಗವೇ, ಅದರ ಗ್ರೌಂಡ್ ತುದಿ. ಲೋಹದ ಪ್ಯಾನೆಲ್ಲಿಗೆ ನೇರವಾಗಿ ಬಿಗಿದ್ರೆ ಮೈಕಿನ ಗ್ರೌಂಡ್ ಅಲ್ಲೇ ತಗಡಿಗೆ ಸೇರಿಕೊಳ್ತು. ಇಂಟರ್‌ಕಾಮ್‌ನ ಗ್ರೌಂಡ್ ಇನ್ನೆಲ್ಲೋ. ನಡುವೆ ಇರೋದು ಆಲ್ಟರ್ನೇಟರಿನ ಹಂಡೆ ನೀರು ಹರಿಯೋ ಮೋರಿ. ಆ 10 ಮಿಲಿವೋಲ್ಟ್ ಮೈಕಿನ ಸಿಗ್ನಲ್ ಜೊತೆ ಸರಣಿಯಲ್ಲಿ ಸೇರಿಕೊಂಡು ಬರುತ್ತೆ. ಪರಿಹಾರ: ಮೆಟ್ಟಿಲು ಇರೋ ಫೈಬರ್ ವಾಷರ್ ಒಂದು, ಚಪ್ಪಟೆ ವಾಷರ್ ಒಂದು. ಜಾಕ್ ಪ್ಯಾನೆಲ್ಲಿಗೆ ತಾಗಬಾರದು, ಅಷ್ಟೇ. ಅದರ ಗ್ರೌಂಡನ್ನ ತಂತಿಯಲ್ಲೇ ಇಂಟರ್‌ಕಾಮ್‌ವರೆಗೆ ತರಬೇಕು. ಲಕ್ಷಾಂತರ ರೂಪಾಯಿಯ ರೇಡಿಯೋ ಬದಲಾಯಿಸಿದ್ರೂ ಹೋಗದ ಸದ್ದು ಕೆಲವು ರೂಪಾಯಿಯ ವಾಷರಿನಿಂದ ಹೋಗೋದು ಹೀಗೆ.

ಇದೇ ತರ್ಕವನ್ನ ಇಡೀ ವಿಮಾನಕ್ಕೆ ಹಚ್ಚಿದವರು ರಾಬರ್ಟ್ ನಕಲ್ಸ್. ‘ದಿ ಏರೋಎಲೆಕ್ಟ್ರಿಕ್ ಕನೆಕ್ಷನ್’ ಅನ್ನೋ ಅವರ ಪುಸ್ತಕ ಹೋಮ್‌ಬಿಲ್ಟ್ ಜನರಲ್ಲಿ ಬಹಳ ಪ್ರಸಿದ್ಧ. ಎಂಜಿನ್‌ಗೂ ಕ್ಯಾಬಿನ್‌ಗೂ ನಡುವೆ ಇರೋ ಗೋಡೆಯ ಮೇಲೆ ಹಿತ್ತಾಳೆಯ ಒಂದು ಬೋಲ್ಟು, ಅದಕ್ಕೆ ಸೇರಿದ ಹಿತ್ತಾಳೆ ತಗಡಿನ ಮೇಲೆ ಸಾಲುಸಾಲು ಟ್ಯಾಬ್‌ಗಳು. ಬ್ಯಾಟರಿ ಮೈನಸ್ಸು, ಎಂಜಿನ್ನಿನ ಪಟ್ಟಿ, ಪ್ಯಾನೆಲ್ಲಿನ ಪ್ರತಿಯೊಂದು ಉಪಕರಣದ ಗ್ರೌಂಡ್ ತಂತಿ, ಎಲ್ಲಾ ಅದೇ ಜಾಗಕ್ಕೆ. ಪ್ರತಿ ಮನೆಗೂ ಸ್ವಂತ ಮೋರಿ, ಎಲ್ಲಾ ಮೋರಿ ನೇರವಾಗಿ ದೊಡ್ಡ ಕಾಲುವೆಗೆ. ನೋಡೋಕೆ ತಂತಿ ದಂಡ ಅನ್ಸುತ್ತೆ, ತೂಕಾನೂ ಸ್ವಲ್ಪ ಹೆಚ್ಚು. ರೆಕ್ಕೆ ತುದಿಯ ದೀಪಕ್ಕೆ, ಪಿಟೋ ಕೊಳವೆಯ ಹೀಟರಿಗೆ ಇಷ್ಟೆಲ್ಲಾ ಬೇಕಿಲ್ಲ, ಅವು ಹತ್ತಿರದ ತಗಡಿಗೇ ಸೇರಲಿ, ಅವಕ್ಕೆ ಕಿವಿ ಇಲ್ಲ. ಕಿವಿ ಇರೋದು ಆಡಿಯೋ, ಸೆನ್ಸರ್‌ಗಳಿಗೆ. ಅವನ್ನ ಮಾತ್ರ ಒಂದೇ ಕಡೆ ತನ್ನಿ.

ಬಲೆ ಏನನ್ನ ತಡೆಯುತ್ತೆ, ಏನನ್ನ ತಡೆಯಲ್ಲ

ಇಷ್ಟು ಹೊತ್ತು ಶೀಲ್ಡಿನ ಮಾತೇ ಬರಲಿಲ್ಲ ಗಮನಿಸಿದ್ರಾ? ಈಗ ಬರೋಣ.

ಎರಡು ತಂತಿ ಪಕ್ಕಪಕ್ಕ ಓಡಿದ್ರೆ ಅವು ಒಂದು ಕೆಪಾಸಿಟರ್. ಒಂದು ಮೀಟರಿನಷ್ಟು ಬಿಗಿಯಾಗಿ ಕಟ್ಟಿದ್ರೆ ಸುಮಾರು 100 ಪಿಕೋಫ್ಯಾರಡ್ ಅಂತ ಹಿಡೀಬಹುದು. ಒಂದು ಆಲ್ಟರ್ನೇಟರಿನ ದಪ್ಪ ತಂತಿ, ಅದರಲ್ಲಿ 3600 ಹರ್ಟ್ಸಿನ 1 ವೋಲ್ಟ್ ಏರಿಳಿತ. ಇನ್ನೊಂದು ನಮ್ಮ ಮೈಕ್ ತಂತಿ, ಅದರ ತುದಿಯಲ್ಲಿ 600 ಓಮ್. 3600 ಹರ್ಟ್ಸ್‌ಗೆ 100 ಪಿಕೋಫ್ಯಾರಡ್ ಒಡ್ಡೋ ತಡೆ ಸುಮಾರು 4,40,000 ಓಮ್. ಭಾಗಿಸಿ ನೋಡಿ, ಮೈಕ್ ತಂತಿಗೆ ಬರೋದು 1.4 ಮಿಲಿವೋಲ್ಟಿನ ಆಸುಪಾಸು. ಮೋರಿಯಿಂದ ಬಂದದ್ದು 10. ಅಂದ್ರೆ ಗ್ರೌಂಡ್ ಕೆಟ್ಟಿರೋ ವಿಮಾನದಲ್ಲಿ ಎಷ್ಟೇ ಒಳ್ಳೇ ಶೀಲ್ಡ್ ಹಾಕಿದ್ರೂ ಸದ್ದಿನ ದೊಡ್ಡ ಪಾಲು ಹಾಗೇ ಉಳಿಯುತ್ತೆ.

ಆ 1.4 ಮಿಲಿವೋಲ್ಟನ್ನ ಶೀಲ್ಡ್ ಚೆನ್ನಾಗಿ ತಡೆಯುತ್ತೆ. ಪಕ್ಕದ ತಂತಿಯಿಂದ ಬಂದ ಕರೆಂಟು ಒಳಗಿನ ತಂತಿಗೆ ತಲುಪೋ ಮೊದಲೇ ಬಲೆಗೆ ಸಿಕ್ಕಿ, ಅಲ್ಲಿಂದ ಗ್ರೌಂಡ್‌ಗೆ ಹೋಗುತ್ತೆ. ಇದಕ್ಕೆ ಒಂದು ತುದಿ ಕಟ್ಟಿದ್ರೆ ಸಾಕು. ಯಾವ ತುದಿಯನ್ನೂ ಕಟ್ಟದಿದ್ರೆ ಬಲೆ ತೇಲಾಡುತ್ತೆ, ತಾನು ಹಿಡಿದದ್ದನ್ನ ಒಳಗಿನ ತಂತಿಗೇ ದಾಟಿಸುತ್ತೆ, ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಎರಡೂ ತುದಿಯನ್ನ ಬೇರೆ ಬೇರೆ ತಗಡಿಗೆ ಕಟ್ಟಿದ್ರೆ? ಬಲೆಯೇ ಇನ್ನೊಂದು ಮೋರಿ ಆಗುತ್ತೆ. ಆಲ್ಟರ್ನೇಟರಿನ ಕರೆಂಟಿನ ಒಂದು ಪಾಲು ‘ಇಲ್ಲೂ ದಾರಿ ಇದೆಯಲ್ಲ’ ಅಂತ ಅದರಲ್ಲೂ ಹರಿಯುತ್ತೆ. ಆಡಿಯೋ ತಂತಿಗಳಿಗೆ ‘ಒಂದೇ ತುದಿ, ಅದೂ ಇಂಟರ್‌ಕಾಮ್ ತುದಿ’ ಅನ್ನೋ ನಿಯಮ ಬಂದದ್ದು ಇದಕ್ಕೇ. ಹಳೇ ಕ್ಸೆನಾನ್ ಸ್ಟ್ರೋಬ್ ದೀಪಗಳ ತಂತಿಗೂ ಹಾಗೇ, ಶೀಲ್ಡನ್ನ ಪವರ್ ಸಪ್ಲೈ ತುದಿಯಲ್ಲಿ ಮಾತ್ರ ಕಟ್ಟೋದು.

ಕಾಂತಕ್ಷೇತ್ರದ ವಿಷಯ ಬೇರೆ. ದಪ್ಪ ತಂತಿಯಲ್ಲಿ ಹರಿಯೋ ಕರೆಂಟು ಸುತ್ತ ಕಾಂತಕ್ಷೇತ್ರ ಹುಟ್ಟಿಸುತ್ತೆ, ಅದು ಏರಿಳಿದ್ರೆ ಪಕ್ಕದ ತಂತಿಯಲ್ಲಿ ವೋಲ್ಟೇಜು. ಇದನ್ನ ತಾಮ್ರದ ಬಲೆ ತಡೆಯುತ್ತಾ? ನಾವು ಫೀಲ್ಡ್ ಥಿಯರಿಯಲ್ಲಿ ಓದಿ ಪರೀಕ್ಷೆ ಮುಗಿದ ಮೇಲೆ ಮರೆತ ಸ್ಕಿನ್ ಡೆಪ್ತ್ ಇಲ್ಲಿ ಕೆಲಸಕ್ಕೆ ಬರುತ್ತೆ. ತಾಮ್ರದಲ್ಲಿ 1000 ಹರ್ಟ್ಸ್‌ಗೆ ಅದು ಸುಮಾರು 2 ಮಿಲಿಮೀಟರ್. ಶೀಲ್ಡಿನ ಎಳೆಗಳ ದಪ್ಪ ಅದರ ಹತ್ತರಲ್ಲೊಂದು ಪಾಲಿನ ಲೆಕ್ಕದಲ್ಲಿರುತ್ತೆ. ಆಡಿಯೋ ಆವರ್ತನದ ಕಾಂತಕ್ಷೇತ್ರಕ್ಕೆ ಅದು ಗಾಜಿನ ಕಿಟಕಿ ಇದ್ದ ಹಾಗೆ. ಅಲ್ಲಿ ಬೇಕಿರೋದು ಹೆಣಿಗೆ. ಹೋಗೋ ತಂತಿ, ಬರೋ ತಂತಿ ಎರಡನ್ನೂ ಜಡೆಯ ಹಾಗೆ ಒಂದಕ್ಕೊಂದು ಸುತ್ತಿದ್ರೆ ಒಂದು ಸುತ್ತಿನಲ್ಲಿ ಹುಟ್ಟಿದ ವೋಲ್ಟೇಜನ್ನ ಮುಂದಿನ ಸುತ್ತು ಅಳಿಸುತ್ತೆ. ಜೊತೆಗೆ ದೂರ. ದಪ್ಪ ತಂತಿಯಿಂದ ಒಂದು ಗೇಣು ಸರಿಸಿದ್ರೂ ಬಹಳ ವ್ಯತ್ಯಾಸ ಆಗುತ್ತೆ, ಅದಕ್ಕೆ ಕಾಸೂ ಖರ್ಚಿಲ್ಲ. ನಮ್ಮಲ್ಲಿ ಡ್ರೋನ್ ಕಟ್ಟೋ ಹುಡುಗ್ರು ಮೋಟರಿನ ತಂತಿ ಪಕ್ಕದಲ್ಲೇ ಕಂಪಾಸ್ ಕೂರಿಸಿ, ಥ್ರಾಟಲ್ ಕೊಟ್ಟಾಗ ಉತ್ತರ ದಿಕ್ಕು ಯಾಕೆ ತಿರುಗುತ್ತೆ ಅಂತ ತಲೆ ಕೆಡಿಸಿಕೊಳ್ಳೋದೂ ಇದೇ ಕಥೆ. ಅಲ್ಯೂಮಿನಿಯಂ ಫಾಯಿಲ್ ಸುತ್ತಿದ್ರೆ ಅದು ಹೋಗಲ್ಲ.

ಇನ್ನು ರೇಡಿಯೋ ಆವರ್ತನ. ಅಲ್ಲಿ ಇಡೀ ಲೋಕವೇ ತಲೆಕೆಳಗು. ವಿಮಾನದ ವಿ.ಎಚ್.ಎಫ್. ಮಾತುಕತೆ ನಡೆಯೋದು 118 ರಿಂದ 137 ಮೆಗಾಹರ್ಟ್ಸ್ ನಡುವೆ, ಅದೂ ಎ.ಎಂ. ಪದ್ಧತಿಯಲ್ಲಿ. ಎಫ್.ಎಂ. ಇದ್ದಿದ್ರೆ ಸದ್ದು ಕಡಿಮೆ ಇರ್ತಿತ್ತಲ್ಲಾ ಅಂತ ಯಾರಾದ್ರೂ ಕೇಳಬಹುದು. ಎಫ್.ಎಂ. ಆದ್ರೆ ಇಬ್ಬರು ಒಟ್ಟಿಗೆ ಮಾತಾಡಿದಾಗ ಬಲವಾದ ದನಿ ಇನ್ನೊಂದನ್ನ ಪೂರ್ತಿ ನುಂಗಿಬಿಡುತ್ತೆ, ಎ.ಎಂ.ನಲ್ಲಿ ಕೀಚಲು ಸದ್ದಾದ್ರೂ ಬಂದು ‘ಇನ್ಯಾರೋ ಇದ್ದಾರೆ’ ಅಂತ ಗೊತ್ತಾಗುತ್ತೆ. ಆ ಅನುಕೂಲಕ್ಕೆ ತೆರೋ ಬೆಲೆ ಅಂದ್ರೆ ಕಿಡಿಗಳ ಸದ್ದೆಲ್ಲ ನೇರವಾಗಿ ಕಿವಿಗೆ. 125 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ 2.4 ಮೀಟರ್, ಅದರ ಕಾಲು ಭಾಗ 60 ಸೆಂಟಿಮೀಟರ್. ಒಂದೇ ತುದಿ ಕಟ್ಟಿದ 60 ಸೆಂಟಿಮೀಟರಿನ ಶೀಲ್ಡ್ ಅಂದ್ರೆ ಅಚ್ಚುಕಟ್ಟಾದ ಒಂದು ಆಂಟೆನಾ. ಹಾಗಾಗಿ ಆಂಟೆನಾದ ಕೋಆಕ್ಸಿಯಲ್ ಕೇಬಲ್ಲಿನ ಹೊರಬಲೆಯನ್ನ ಎರಡೂ ತುದಿಯಲ್ಲಿ, ಕನೆಕ್ಟರಿನ ಸುತ್ತ ಪೂರ್ತಿ, ಕಟ್ಟಲೇಬೇಕು. ಅಲ್ಲಿ ಆ ಬಲೆ ಬರೀ ಹೊದಿಕೆ ಅಲ್ಲ, ಸಿಗ್ನಲ್ಲಿನ ಅರ್ಧ ದಾರಿ.

ಬಲೆಯ ಎಳೆಗಳನ್ನ ಒಟ್ಟು ಮಾಡಿ ಬಾಲದ ಹಾಗೆ ತಿರುಚಿ ಒಂದು ಸ್ಕ್ರೂಗೆ ಕಟ್ಟೋದು ನಮಗೆಲ್ಲ ಲ್ಯಾಬಿನಲ್ಲಿ ಬಂದ ಅಭ್ಯಾಸ. ಆ ಬಾಲ 5 ಸೆಂಟಿಮೀಟರ್ ಇದ್ರೆ, ಮಿಲಿಮೀಟರಿಗೆ 1 ನ್ಯಾನೋಹೆನ್ರಿ ಲೆಕ್ಕದಲ್ಲಿ 50 ನ್ಯಾನೋಹೆನ್ರಿ. 125 ಮೆಗಾಹರ್ಟ್ಸ್‌ನಲ್ಲಿ ಅದು ಹತ್ತಿರ ಹತ್ತಿರ 39 ಓಮ್. ಮಲ್ಟಿಮೀಟರ್ ಇಟ್ಟು ನೋಡಿದ್ರೆ ಸೊನ್ನೆ ತೋರಿಸುತ್ತೆ, ರೇಡಿಯೋಗೆ ಅದು ಗ್ರೌಂಡೇ ಅಲ್ಲ. ಮೈಕ್ ತಂತಿಗೆ ಈ ಬಾಲ ನಡೆಯುತ್ತೆ. ಕೋಆಕ್ಸಿಯಲ್‌ಗೆ ನಡೆಯಲ್ಲ. ವಿಮಾನದವರು ಆಡಿಯೋ ತಂತಿಗೆ ಬಳಸೋದು ಒಳಗೆ ಸೋಲ್ಡರಿನ ಉಂಗುರ ಇರೋ ಹೀಟ್‌ಶ್ರಿಂಕ್ ತೋಳು. ಬಿಸಿಗಾಳಿ ಬಿಟ್ರೆ ಕುಗ್ಗಿ, ಸೋಲ್ಡರ್ ಕರಗಿ, ಬಾಲವೂ ಬಲೆಯೂ ಒಂದಾಗುತ್ತೆ. ಬಹಳ ಚೆಂದದ ವಸ್ತು.

ಮ್ಯಾಗ್ನೆಟೋ: ಇಲ್ಲಿ ಮಾತ್ರ ಆಟ ಬೇಡ

ಸದ್ದು ಅಂದ್ರೆ ಕಿರಿಕಿರಿ ಅಷ್ಟೇ ತಾನೇ, ಜೀವಕ್ಕೇನು ಅಂತ ಅನ್ನಿಸಿದ್ರೆ ಈ ತಂತಿಯನ್ನ ನೋಡಿ.

ಸಾಂಪ್ರದಾಯಿಕ ಲೈಕಮಿಂಗ್, ಕಾಂಟಿನೆಂಟಲ್ ಎಂಜಿನ್‌ಗಳ ಕಿಡಿ ಬ್ಯಾಟರಿಯಿಂದ ಬರಲ್ಲ. ಎಂಜಿನ್ ತಿರುಗಿದ್ರೆ ತಾನೇ ವಿದ್ಯುತ್ ಹುಟ್ಟಿಸಿಕೊಳ್ಳೋ ಮ್ಯಾಗ್ನೆಟೋ ಎರಡಿರುತ್ತೆ, ಒಂದು ಕೈಕೊಟ್ರೆ ಇನ್ನೊಂದು. ಅದನ್ನ ನಿಲ್ಲಿಸೋದು ಹೇಗೆ? ಕರೆಂಟು ತೆಗೆದು ನಿಲ್ಲಿಸೋಕೆ ಆಗಲ್ಲ, ಅದಕ್ಕೆ ಕರೆಂಟು ಕೊಟ್ಟೇ ಇಲ್ಲವಲ್ಲ. ಅದರ ಪ್ರೈಮರಿ ಸುರುಳಿಯಿಂದ ಒಂದು ತಂತಿ ಸ್ವಿಚ್ಚಿಗೆ ಬರುತ್ತೆ, ಪಿ-ಲೀಡ್ ಅಂತಾರೆ. ಸ್ವಿಚ್ ಆಫ್ ಮಾಡೋದು ಅಂದ್ರೆ ಆ ತಂತಿಯನ್ನ ಗ್ರೌಂಡ್‌ಗೆ ಸೇರಿಸೋದು. ನಮ್ಮ ಮನೆಯ ಸ್ವಿಚ್ಚಿಗೆ ಪೂರ್ತಿ ಉಲ್ಟಾ. ಮನೆಯಲ್ಲಿ ತಂತಿ ತುಂಡಾದ್ರೆ ದೀಪ ಆರುತ್ತೆ. ಇಲ್ಲಿ ತಂತಿ ತುಂಡಾದ್ರೆ ಮ್ಯಾಗ್ನೆಟೋ ಸದಾ ಜೀವಂತ.

ಈ ತಂತಿ ಸದ್ದಿನ ದೊಡ್ಡ ಮೂಲವೂ ಹೌದು. ನಾಲ್ಕು ಸಿಲಿಂಡರ್, 2400 ಸುತ್ತು ಅಂದ್ರೆ ಪ್ರತಿ ಮ್ಯಾಗ್ನೆಟೋ ಸೆಕೆಂಡಿಗೆ 80 ಸಲ ಕಿಡಿ ಹಾರಿಸುತ್ತೆ. ಪ್ರತಿ ಸಲ ಪಾಯಿಂಟ್ ತೆರೆದಾಗ ಪಿ-ಲೀಡಿನಲ್ಲಿ ವೋಲ್ಟೇಜು ಇನ್ನೂರರ ಮೇಲೆ ಜಿಗಿಯುತ್ತೆ. 10 ಮೈಕ್ರೋಸೆಕೆಂಡಿನಲ್ಲಿ 200 ವೋಲ್ಟ್ ಏರಿತು ಅಂತ ಇಟ್ಕೊಂಡು ಮೊದಲಿನ ಅದೇ 100 ಪಿಕೋಫ್ಯಾರಡ್ ಹಾಕಿ ನೋಡಿ: 2 ಮಿಲಿಆಂಪಿಯರ್, 600 ಓಮಿನ ಮೇಲೆ 1.2 ವೋಲ್ಟ್. ಮೈಕಿನ ಮಾತಿಗಿಂತ ನಾಲ್ಕು ಪಟ್ಟು. ಶೀಲ್ಡ್ ತನ್ನ ಸಂಬಳ ದುಡಿಯೋದು ಇಲ್ಲಿ. ಸದ್ದು ಕೇಳೋ ತಂತಿಗಿಂತ ಸದ್ದು ಮಾಡೋ ತಂತಿಗೆ ಶೀಲ್ಡ್ ಹಾಕೋದು ಯಾವಾಗ್ಲೂ ಲಾಭ. ಬೊಗಳೋ ನಾಯಿ ಒಂದು, ಕೇಳೋ ಮನೆ ಹತ್ತು.

ಕಟ್ಟೋದು ಹೇಗೆ? ಒಳಗಿನ ತಂತಿ ಮ್ಯಾಗ್ನೆಟೋದ ಪಿ ತುದಿಗೆ, ಬಲೆ ಮ್ಯಾಗ್ನೆಟೋದ ಮೈಗೆ. ಸ್ವಿಚ್ಚಿನ ಕಡೆ ಬಲೆಯನ್ನ ವಿಮಾನದ ತಗಡಿಗೆ ಕಟ್ಟಬಾರದು. ಸ್ವಿಚ್ಚಿನ ಗ್ರೌಂಡ್ ತುದಿಗೆ ಮಾತ್ರ ಕಟ್ಟಬೇಕು. ಆಗ ಸ್ವಿಚ್ಚಿಗೆ ಗ್ರೌಂಡ್ ಸಿಗೋದೇ ಈ ಬಲೆಯ ಮೂಲಕ, ಎಂಜಿನ್ನಿನಿಂದ. ಕರೆಂಟು ಒಳತಂತಿಯಲ್ಲಿ ಹೋಗಿ ಅದೇ ತಂತಿಯ ಹೊರಬಲೆಯಲ್ಲಿ ವಾಪಸ್ ಬರುತ್ತೆ, ವಿಮಾನದ ಮೈಗೆ ಹರಡೋದೇ ಇಲ್ಲ. ಬಲೆಗೆ ಕರೆಂಟು ಹೊರೋ ಕೆಲಸವನ್ನ ಗೊತ್ತಿದ್ದೇ ಕೊಟ್ಟ ಜಾಗ ಇದು.

ಎರಡೂ ಕಡೆ ತಗಡಿಗೇ ಬಿಗಿದ್ರೆ ಏನಾಗುತ್ತೆ? ಎಂಜಿನ್ ಕೂತಿರೋದು ರಬ್ಬರ್ ಮೌಂಟುಗಳ ಮೇಲೆ. ಎಂಜಿನ್‌ಗೂ ವಿಮಾನಕ್ಕೂ ವಿದ್ಯುತ್ ಸಂಪರ್ಕ ಅಂದ್ರೆ ಹೆಣೆದ ತಾಮ್ರದ ಒಂದು ಪಟ್ಟಿ. ಅದು ಸಡಿಲ ಆಯ್ತು ಅಥವಾ ತುಕ್ಕು ಹಿಡೀತು ಅಂದ್ಕೊಳ್ಳಿ. ಸ್ಟಾರ್ಟರ್ ಒತ್ತಿದಾಗ ಬೇಕಾಗೋ 200 ಆಂಪಿಯರ್ ವಾಪಸ್ ದಾರಿ ಹುಡುಕುತ್ತೆ. ಸಿಗೋದು ಥ್ರಾಟಲ್ ಕೇಬಲ್ಲು, ಮಿಕ್ಸ್ಚರ್ ಕೇಬಲ್ಲು ಮತ್ತು ನಿಮ್ಮ ಪಿ-ಲೀಡಿನ ತೆಳ್ಳನೆ ಬಲೆ. ಬಲೆ ಕೆಂಪಗೆ ಕಾಯುತ್ತೆ, ಒಳಗಿನ ಇನ್ಸುಲೇಷನ್ ಕರಗಿ ಬಲೆಯೂ ತಂತಿಯೂ ಅಂಟಿಕೊಂಡ್ರೆ ಆ ಮ್ಯಾಗ್ನೆಟೋ ಸತ್ತ ಹಾಗೆ. ಬಲೆ ಸುಟ್ಟು ತುಂಡಾದ್ರೆ ಅದಕ್ಕಿಂತ ಕೆಟ್ಟದ್ದು: ಸ್ವಿಚ್ ಆಫ್ ತೋರಿಸುತ್ತೆ, ಮ್ಯಾಗ್ನೆಟೋ ಆಫ್ ಆಗಿರಲ್ಲ. ಬಲೆಯ ಕೂದಲಿನಂಥ ಒಂದು ಎಳೆ ಸರಿಯಾಗಿ ಕತ್ತರಿಸದೆ ಪಿ ತುದಿಗೆ ತಾಗಿದ್ರೂ ಸಾಕು, ಆ ಬದಿಯ ಕಿಡಿ ನಿಂತಂತೆ. ಇಲ್ಲಿ ಒಳ್ಳೇ ತಂತಿಗೆ ಖರ್ಚು ಮಾಡೋದು ದುಂದುವೆಚ್ಚ ಅಲ್ಲ. ವಿಮಾನಕ್ಕೆ ಬಳಸೋ ಟೆಫ್‌ಜೆಲ್ ಹೊದಿಕೆಯ ತಂತಿ 150 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತೆ, ಎಸ್.ಪಿ. ರೋಡಿನಲ್ಲಿ ಸಿಗೋ ಮನೆ ವೈರಿಂಗಿನ ಪಿ.ವಿ.ಸಿ. ಎಂಜಿನ್ ಪಕ್ಕದಲ್ಲಿ ಉಳಿಯಲ್ಲ, ಸುಟ್ರೆ ಬರೋ ಹೊಗೆಯನ್ನ ಮುಚ್ಚಿದ ಕಾಕ್‌ಪಿಟ್ಟಿನಲ್ಲಿ ಉಸಿರಾಡೋಕೂ ಆಗಲ್ಲ.

ತಗಡೇ ಇಲ್ಲದ ವಿಮಾನ

ಮೇಲಿನದ್ದೆಲ್ಲ ಅಲ್ಯೂಮಿನಿಯಂ ವಿಮಾನದ ಮಾತು. ಬರ್ಟ್ ರುಟಾನ್ 1979ರಲ್ಲಿ ಹಾರಿಸಿದ ಲಾಂಗ್-ಈಝಿ ಫೋಮ್ ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ ಎಪಾಕ್ಸಿ ಬಳಿದು ಮಾಡಿದ್ದು. ಸಣ್ಣ ರೆಕ್ಕೆ ಮುಂದೆ, ಎಂಜಿನ್ ಹಿಂದೆ. ಬೆಂಗಳೂರಿನ ಎನ್.ಎ.ಎಲ್. 1980ರ ದಶಕದಲ್ಲಿ ಅದೇ ವಿನ್ಯಾಸವನ್ನ ಆಧರಿಸಿ ಒಂದು ಸಣ್ಣ ಸಂಶೋಧನಾ ವಿಮಾನ ಕಟ್ಟಿ ಹಾರಿಸಿತ್ತು. ಆಮೇಲೆ ಅಲ್ಲೇ ಬಂದ ಹಂಸ ತರಬೇತಿ ವಿಮಾನದ ದೇಹವೂ ಕಾಂಪೊಸಿಟ್ಟೇ.

ಗಾಜಿನ ನಾರು ಕರೆಂಟು ಹರಿಸಲ್ಲ. ಹಾಗಾಗಿ ಪ್ರತಿ ದೀಪಕ್ಕೂ, ಪ್ರತಿ ಪಂಪಿಗೂ ವಾಪಸ್ ತಂತಿ ಬೇಕೇ ಬೇಕು. ತೂಕ ಹೆಚ್ಚು ಅಂತ ಬೇಜಾರಾದ್ರೂ ಇದರಲ್ಲಿ ಒಂದು ಅನುಕೂಲ ಇದೆ, ಹಂಚಿಕೊಂಡ ಮೋರಿ ಅನ್ನೋದು ತಾನಾಗೇ ಹುಟ್ಟಲ್ಲ. ಜಾಕ್‌ಗೆ ಫೈಬರ್ ವಾಷರೂ ಬೇಕಿಲ್ಲ. ಅನನುಕೂಲ: ಗಾಜಿನ ನಾರು ರೇಡಿಯೋ ಅಲೆಗಳಿಗೆ ಪಾರದರ್ಶಕ. ಅದನ್ನೇ ಬಳಸಿಕೊಂಡು ತಾಮ್ರದ ಪಟ್ಟಿಯ ಆಂಟೆನಾಗಳನ್ನ ರೆಕ್ಕೆಯ ಒಳಗೇ ಹೂತಿಡ್ತಾರೆ, ಹೊರಗೆ ಏನೂ ಚಾಚಿರಲ್ಲ, ಗಾಳಿಯ ತಡೆ ಕಡಿಮೆ. ಆದ್ರೆ ಆಂಟೆನಾಕ್ಕೂ ನಿಮ್ಮ ವೈರಿಂಗಿಗೂ ನಡುವೆ ಗೋಡೆಯೇ ಇಲ್ಲ ಅಂತ ಆಯ್ತು. ಮಾತಾಡೋ ಬಟನ್ ಒತ್ತಿದ ತಕ್ಷಣ ಇಂಧನದ ಮುಳ್ಳು ಓಲಾಡೋದು, ಆಟೋಪೈಲಟ್ ಬೆಚ್ಚಿಬೀಳೋದು ಇಂಥ ವಿಮಾನಗಳಲ್ಲಿ ಹೆಚ್ಚು. ಅದಕ್ಕೆ ಒಂದು ತುದಿ ಕಟ್ಟಿದ ಶೀಲ್ಡಿನಿಂದ ಉಪಯೋಗ ಇಲ್ಲ. ಉಪಕರಣದ ಬಾಯಲ್ಲೇ ಫೆರೈಟ್ ಮಣಿ, ಸಣ್ಣ ಕೆಪಾಸಿಟರ್, ಇಲ್ಲಾ ಆಂಟೆನಾದಿಂದ ದೂರ. ಬ್ಯಾಟರಿ ಮೂಗಿನಲ್ಲಿ, ಎಂಜಿನ್ ಬಾಲದಲ್ಲಿ ಇರೋ ಲಾಂಗ್-ಈಝಿಯಂಥದ್ದರಲ್ಲಿ ದಪ್ಪ ತಂತಿಗಳು ಮೀಟರುಗಟ್ಟಲೆ ಓಡ್ತವೆ. ಪ್ಲಸ್ಸು ಎಡಗೋಡೆಗೆ, ಮೈನಸ್ಸು ಬಲಗೋಡೆಗೆ ಹಾಕಿದ್ರೆ ಪೈಲಟ್ ಕೂತಿರೋದು ಒಂದು ದೊಡ್ಡ ಸುರುಳಿಯ ನಡುವೆ. ಎರಡನ್ನೂ ಒಟ್ಟಿಗೇ ಕಟ್ಟಬೇಕು.

ಸದ್ದಿನ ಜಾಡು ಹಿಡಿಯೋದು

ಸದ್ದು ಬಂದ ಕೂಡಲೇ ಅಂಗಡಿಗೆ ಹೋಗಿ ಫಿಲ್ಟರ್ ತರೋದು ಹೆಚ್ಚಿನವರ ದಾರಿ. ಫಿಲ್ಟರಿಗಿಂತ ಮೊದಲು ಪ್ರಶ್ನೆ. ಎಂಜಿನ್ ಓಡ್ತಿರುವಾಗ ಆಲ್ಟರ್ನೇಟರಿನ ಫೀಲ್ಡ್ ಬ್ರೇಕರ್ ಎಳೀರಿ. ಕುಂಯ್ ನಿಂತ್ರೆ ಕಳ್ಳ ಯಾರು ಗೊತ್ತಾಯ್ತು. ಟಿಕ್ ಟಿಕ್ ಮಾತ್ರ ಉಳಿದ್ರೆ ಮ್ಯಾಗ್ನೆಟೋ. ವಾಲ್ಯೂಮ್ ತಿರುಗಿಸಿ. ಸದ್ದೂ ಏರಿಳಿದ್ರೆ ಅದು ವಾಲ್ಯೂಮ್ ಗುಂಡಿಗಿಂತ ಮುಂಚೆ ಎಲ್ಲೋ ಒಳಗೆ ನುಗ್ಗಿದೆ, ಬದಲಾಗದಿದ್ರೆ ಆಮೇಲೆ. ಮೈಕ್ ಪ್ಲಗ್ ಕಿತ್ತಾಗ ಹೋದ್ರೆ ಮೈಕ್ ದಾರಿ. ಆಂಟೆನಾ ಕೇಬಲ್ ಬಿಚ್ಚಿದಾಗ ಹೋದ್ರೆ ಅದು ಅಲೆಯಾಗೇ ಬರ್ತಿದೆ. ಎಲ್.ಇ.ಡಿ. ದೀಪಗಳ ಅಗ್ಗದ ಸ್ವಿಚಿಂಗ್ ಸರ್ಕೀಟುಗಳು ಈಗ ಹೀಗೆ ಬಹಳ ಕಾಟ ಕೊಡ್ತವೆ. ಕೇಬಲ್ ಬಿಚ್ಚಿದಾಗ ಬಟನ್ ಒತ್ತಿ ಮಾತಾಡಬೇಡಿ, ರೇಡಿಯೋ ಸುಟ್ಟೀತು.

ಇವೆಲ್ಲಕ್ಕಿಂತ ಹೆಚ್ಚು ಹೇಳೋ ಪರೀಕ್ಷೆ ಒಂದಿದೆ. ಸ್ಕೂಟರಿನದ್ದೋ, ಯು.ಪಿ.ಎಸ್.ನದ್ದೋ 12 ವೋಲ್ಟಿನ ಸಣ್ಣ ಬ್ಯಾಟರಿ ತನ್ನಿ. ಇಂಟರ್‌ಕಾಮನ್ನ ವಿಮಾನದ ಪ್ಲಸ್, ಮೈನಸ್ ಎರಡರಿಂದಲೂ ಬಿಡಿಸಿ ಇದಕ್ಕೆ ಕಟ್ಟಿ. ಸದ್ದು ಹೋದ್ರೆ ಅದು ತಂತಿಯಲ್ಲಿ ಬರ್ತಿತ್ತು. ಈಗ ಮೈನಸ್ಸನ್ನ ಮಾತ್ರ ವಾಪಸ್ ವಿಮಾನಕ್ಕೆ ತಾಗಿಸಿ. ಸದ್ದು ಮರಳಿ ಬಂತಾ? ಹಾಗಾದ್ರೆ ಗ್ರೌಂಡು, ಮೋರಿ. ವಾಷರ್ ನೋಡಿ, ಜಾಕ್ ನೋಡಿ. ಬರಲಿಲ್ವಾ? ಪ್ಲಸ್ ದಾರಿಯಲ್ಲಿ ಬರ್ತಿದೆ, ಈಗ ಬೇಕಾದ್ರೆ ಫಿಲ್ಟರ್ ತನ್ನಿ. ಸಣ್ಣ ಬ್ಯಾಟರಿಯಲ್ಲಿ ಓಡುವಾಗಲೂ ಸದ್ದು ಹಾಗೇ ಇದ್ರೆ ಮಾತ್ರ ಅದು ಗಾಳಿಯಲ್ಲಿ ಹಾರಿ ಬರ್ತಿದೆ ಅಂತ ಅರ್ಥ, ಶೀಲ್ಡಿನ ಬಾಗಿಲು ತಟ್ಟೋದು ಆಗ.

ತಿರುಗೋ ಪ್ರೊಪೆಲ್ಲರ್ ಹತ್ತಿರ ನಡೆಸೋ ಪರೀಕ್ಷೆ ಇವು, ಹಾಗಾಗಿ ಒಬ್ಬರೇ ಮಾಡಬೇಡಿ. ಒಬ್ಬರು ಸೀಟಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ಕೂತಿರಲಿ. ಎಲ್ಲಾ ಮುಗಿದು ಎಂಜಿನ್ ನಿಲ್ಲಿಸೋ ಮುಂಚೆ ಪೈಲಟ್‌ಗಳು ಮಾಡೋ ಇನ್ನೊಂದು ಕೆಲಸ ಇದೆ. ಐಡಲ್‌ನಲ್ಲಿ ಓಡ್ತಿರುವಾಗ ಮ್ಯಾಗ್ನೆಟೋ ಸ್ವಿಚ್ಚನ್ನ ಕ್ಷಣ ಮಾತ್ರ ಆಫ್ ಮಾಡಿ ಮತ್ತೆ ಆನ್ ಮಾಡ್ತಾರೆ. ಎಂಜಿನ್ ಒಂದು ಸಲ ಸೊರಗಿದ್ರೆ ಎರಡು ಪಿ-ಲೀಡೂ ಗ್ರೌಂಡ್ ಆಗ್ತಿವೆ. ಏನೂ ಆಗದ ಹಾಗೆ ಓಡ್ತಾನೇ ಇದ್ರೆ ಎಲ್ಲೋ ಒಂದು ತಂತಿಯೋ ಬಲೆಯೋ ತುಂಡಾಗಿದೆ. ಆಗ ಮಿಕ್ಸ್ಚರ್ ಎಳೆದು ಎಂಜಿನ್ ನಿಲ್ಲಿಸಿ, ಪ್ರೊಪೆಲ್ಲರಿಗೆ ‘ಮುಟ್ಟಬೇಡಿ’ ಅಂತ ಬೋರ್ಡು ಕಟ್ಟಿ, ಆ ತಂತಿ ಸಿಗೋವರೆಗೆ ಹ್ಯಾಂಗರಿನಲ್ಲಿ ಯಾರೂ ಅದನ್ನ ಕೈಯಿಂದ ತಿರುಗಿಸದ ಹಾಗೆ ನೋಡಿಕೊಳ್ತಾರೆ.